ಸೂಜಿ ತೋರಿಸಿ ಕೂರಿಸಿದ್ದು

ನಮ್ಮತ್ತೆ ನಡೆಯಲಾರದೆ ಮಂಚ ಹಿಡಿಯಲಿಲ್ಲ, ನಾನು ಹಿಡಿಸಿದೆ. ಡಾಕ್ಟರು ಸೊಂಟದ ಕೀಲು ಬದಲಿಸಿ, ಇನ್ನು ನಡೆಸಿ ಎಂದು ಕಳಿಸಿದ ಮುದುಕಿಯನ್ನು ಒಂದು ಸುಳ್ಳು ಹೇಳಿ ಕೂರಿಸಿದವಳು ನಾನು. ಓಣಿಯೆಲ್ಲ ನನ್ನನ್ನು ಒಳ್ಳೆಯ ಸೊಸೆ ಎನ್ನುತ್ತಿತ್ತು — ಈಗಲೂ ಎನ್ನುತ್ತದೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಅತ್ತೆ ರತ್ನಗಿರಿ ಎಂಬ ಹಳ್ಳಿಯವರು. ಕೋಟೆ ಗುಡ್ಡದ ಮಗ್ಗುಲಲ್ಲಿ ಕುರಿಗಳ ಹಿಂದೆ ತಿರುಗಿದ ಜೀವ. ಮಗ ಜೀನ್ಸ್ ಬಟ್ಟೆ ಕತ್ತರಿಸುವ ಕೆಲಸ ಹಿಡಿದು ರಾಯದುರ್ಗಕ್ಕೆ ಬಂದಾಗ ಅವರೂ ಬಂದರು. ಇಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಕುಕ್ಕರುಗಾಲಲ್ಲಿ ಕೂರಿಸಬೇಡಿ, ಆದರೆ ದಿನಾ ನಡೆಸಿ, ನಡೆದಷ್ಟೂ ಒಳ್ಳೆಯದು — ವ್ಯಾಯಾಮ ಕಲಿಸುವ ಮೇಡಂ ವಾಕರನ್ನು ನನ್ನ ಕೈಗೇ ಕೊಟ್ಟು ಹೇಳಿದ್ದರು. ಕೇಳಿಸಲಿಲ್ಲ ಎನ್ನುವಂತಿಲ್ಲ.

ಅತ್ತೆಗೆ ಮೊದಲು ಭಯವೇ ಇರಲಿಲ್ಲ. ಕಾಲು ಗಟ್ಟಿಯಾದರೆ ಊರಿಗೆ ಹೋಗಬೇಕೆಂಬ ಒಂದೇ ಆಸೆ. ಆದರೆ ಅವರು ಎದ್ದಾಗಲೆಲ್ಲ ನಾನು ಮಿಷನ್ ಬಿಟ್ಟು ಏಳಬೇಕು. ಕಾರ್ಖಾನೆಯಿಂದ ತಂದ ಪ್ಯಾಂಟಿನ ಗಂಟು ಸಂಜೆಗೆ ಹೊಲಿದು ಮುಟ್ಟಿಸಬೇಕು. ತಪ್ಪಿದರೆ ಮರುದಿನದ ಕೆಲಸ ಬೇರೆಯವರ ಪಾಲು. ಒಂದು ಬೆಳಿಗ್ಗೆ ಅತ್ತೆ ನನ್ನನ್ನು ಕರೆಯದೆ ಒಬ್ಬರೇ ಎದ್ದರು. ವಾಕರಿನ ಕಾಲು ಬಟ್ಟೆಗಂಟಿಗೆ ತಗುಲಿ ಓಲಾಡಿದರು, ಬೀಳಲಿಲ್ಲ. ಹೆದರಿ ಆ ಸುಳ್ಳು ಹೇಳಿದೆ ಎಂದರೆ ನೀವು ಒಪ್ಪಬಹುದು. ಹೆದರಿಕೆಯಲ್ಲ — ಸಿಟ್ಟು. ಆಗಷ್ಟೇ ದಪ್ಪ ಹೊಲಿಗೆಗೆ ಸಿಕ್ಕಿ ಸೂಜಿ ಮುರಿದಿತ್ತು. ಅದನ್ನೇ ಅವರ ಕಣ್ಣ ಮುಂದೆ ಹಿಡಿದೆ.

"ನೋಡ್ರಿ ಅತ್ತಿ, ನಿಮ್ಮೊಳಗ ಹಾಕಿರೋ ಕೀಲೂ ಹಿಂಗ ಟಕ್ ಅಂತ ಮುರೀತೈತಿ. ನಿಮಗ ಹೇಳಬ್ಯಾಡ್ರಿ ಅಂದಾರ ಡಾಕ್ಟ್ರು."

ಡಾಕ್ಟರನ್ನೂ ಎಳೆದು ತಂದೆ, ನೋಡಿ. ಅತ್ತೆ ಮಂಚಕ್ಕೆ ಹೋಗಿ ಕೂತರು. ಜೀನ್ಸ್ ಹೊಲಿಯುವ ಮನೆಯಲ್ಲಿ ಸೂಜಿ ಮುರಿಯುವುದು ದಿನದ ಮಾತು. ಟಕ್ ಎಂದಾಗಲೆಲ್ಲ ಅವರ ಕೈ ತೊಡೆ ಹಿಡಿಯುತ್ತಿತ್ತು. ನಾನು ಎರಡನೇ ಸಲ ಹೇಳಬೇಕಾಗಲೇ ಇಲ್ಲ. ಕೂತಲ್ಲೇ ಪ್ಯಾಂಟುಗಳ ದಾರ ಕತ್ತರಿಸಿಕೊಟ್ಟರು; ನನ್ನ ಕೆಲಸ ಬೇಗ ಸಾಗಿತು. ನೆಮ್ಮದಿಯಾಯಿತು — ಹೌದು, ನೆಮ್ಮದಿ.

ಮತ್ತೆ ತೋರಿಸಲು ಹೋದಾಗ ಡಾಕ್ಟರು ಗದರಿದರು. ಕೀಲು ಚೆನ್ನಾಗಿದೆ, ಕಾಲು ಸೊರಗಿದೆ, ಯಾಕೆ ನಡೆಸಿಲ್ಲ? "ಅವರೇ ಹೆದರ್ತಾರ್ರಿ" ಎಂದೆ. ಅತ್ತೆಯೂ ಕೇಳಿಸಿಕೊಂಡರು; ಆದರೆ ತಮ್ಮಿಂದ ಮುಚ್ಚಿಡುವ ಡಾಕ್ಟರು ಹಾಗೆನ್ನದೆ ಇನ್ನೇನೆನ್ನುತ್ತಾರೆ ಎಂದು ನಂಬಲಿಲ್ಲ. ಮನೆಗೆ ಬಂದು ಏಳಿಸಲು ನೋಡಿದೆ. ರಮಿಸಿದೆ, ರಟ್ಟೆ ಹಿಡಿದು ಎಳೆದೆ, ಬೈದೆ. ನಿಂತ ಕ್ಷಣ ಅವರ ಮೈಯೆಲ್ಲ ಬೆವರು. ಮಂಚದ ಪಟ್ಟಿ ಬಿಡುತ್ತಿರಲಿಲ್ಲ. ಇಂಥ ಹಟಮಾರಿ ಮುದುಕಿ ಎಲ್ಲೂ ಇಲ್ಲ ಎಂದು ಅವರ ಮೇಲೇ ಹರಿಹಾಯುತ್ತಿದ್ದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರಲ್ಲ — ನನ್ನದು ಅದಕ್ಕಿಂತ ಕೀಳು, ಅಳುವ ಮಗುವಿಗೆ ಬೈಯುತ್ತಲೂ ಇದ್ದೆ.

ಕೊನೆಗೊಂದು ದಿನ ಸೋತು ಹೇಳಿಬಿಟ್ಟೆ.

"ಅತ್ತಿ, ಅವತ್ತು ನಾ ಹೇಳಿದ್ದು ಸುಳ್ಳರಿ. ನನ್ನ ಕೆಲಸ ನಿಲ್ತೈತಿ ಅಂತ ಹೇಳಿದ್ದು. ಡಾಕ್ಟ್ರು ಏನೂ ಅಂದಿಲ್ಲ."

ಅವರು ನನ್ನ ಮುಖ ನೋಡಿ ನಕ್ಕರು. ಕೆನ್ನೆ ಸವರಿದರು.

"ನನ್ನ ನಡೆಸಾಕೆ ನಿನ್ ಮೇಲೇ ತಪ್ಪು ಹೊತ್ಕಂತೀಯೇನವ್ವ? ನೀನು ಅಂಥೋಳಲ್ಲ, ನಂಗೊತ್ತಿಲ್ವಾ. ಹೋಗು, ಕೆಲ್ಸ ನೋಡ್ಕ."

ಆಣೆ ಇಟ್ಟೆ. ಅದಕ್ಕೂ ನಕ್ಕರು. ಆಮೇಲೂ ಎಷ್ಟೋ ಸಲ ಹೇಳಿದೆ — ಅಳುತ್ತಾ, ಸಿಟ್ಟಿನಲ್ಲಿ, ಕಾಲು ಹಿಡಿದು. ಹೇಳಿದಷ್ಟೂ ನನ್ನ ಮೇಲಿನ ಅಕ್ಕರೆ ಹೆಚ್ಚಿತೇ ಹೊರತು ಅವರ ಭಯ ಇಳಿಯಲಿಲ್ಲ. ಆ ಮಂಚದ ಮೇಲೆಯೇ ತೀರಿಕೊಂಡರು.

ನಾನು ಕೆಟ್ಟವಳೆಂದು ಒಂದೇ ಒಂದು ಸಲ ನಂಬಿದ್ದರೆ ಅವರು ಎದ್ದು ನಡೆಯುತ್ತಿದ್ದರು. ನಂಬಲಿಲ್ಲ.