ಸುಕ್ಕಿಲ್ಲದ ಮೆಣಸಿನಕಾಯಿ

ನಿರಂಜನ ಬ್ಯಾಡಗಿ ಸೀಮೆಯವ. ದುಬೈಯ ದೇರಾ ಪೇಟೆಯ ಮಸಾಲೆ ಗೋದಾಮಿನಲ್ಲಿ ಹನ್ನೆರಡು ವರ್ಷದಿಂದ ಮೆಣಸಿನಕಾಯಿ ಆರಿಸುತ್ತಿದ್ದಾನೆ. ಚೀಲದ ಬಾಯಿ ಬಿಚ್ಚಿದರೆ ಸಾಕು, ಕಪ್ಪು ಎರೆಹೊಲದ್ದೋ ಕೆಂಪು ಮಸಾರಿ ಹೊಲದ್ದೋ ಹೇಳಿಬಿಡುವವ. ಅವನ ಊರ ಕಡೆ ಸುಗ್ಗಿಯಲ್ಲಿ ಬಯಲೆಲ್ಲ ಕೆಂಪು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತಾರೆ, ಪೇಟೆಗೆ ಹೋದವರು ಸೀನುತ್ತಲೇ ವ್ಯಾಪಾರ ಮಾಡುತ್ತಾರೆ. ಮದುವೆ, ಮನೆಯ ಹಂಚು, ಮಕ್ಕಳ ಫೀಸು, ಎಲ್ಲ ಆ ಕಾಯಿಯ ಬಣ್ಣದ ಮೇಲೆಯೇ.

ಈ ಸಲ ಸಾಹುಕಾರ ಅಬ್ದುಲ್ಲ ಅವರು ಖರೀದಿಗೆ ಒಬ್ಬನನ್ನು ಬ್ಯಾಡಗಿಗೇ ಕಳಿಸುವ ಮಾತಾಡಿದ್ದರು. ತಾನಲ್ಲದೆ ಇನ್ಯಾರು ಎಂದು ನಿರಂಜನ ಹೆಂಡತಿಗೆ ಫೋನು ಮಾಡಿಯೂ ಬಿಟ್ಟ. ಅಷ್ಟರಲ್ಲಿ ವಕ್ಕರಿಸಿದನಲ್ಲ ಆ ಅನ್ಸಿಫ್! ಉಳ್ಳಾಲದವ, ಬಂದು ಎರಡು ವರ್ಷವಾಗಿಲ್ಲ. ನಿರಂಜನ 'ಸಾಹುಕಾರ್ರ' ಎಂದು ಕೈಕಟ್ಟಿ ನಿಲ್ಲುವಲ್ಲಿ ಇವನು 'ಅಬ್ದುಲ್ಲಾಕ' ಎಂದು ಮನೆಯವನ ಹಾಗೆ ಕರೆದು ಸುಲೈಮಾನಿ ಚಹಾಕ್ಕೆ ಕೂರುತ್ತಾನೆ. ಇಬ್ಬರೂ ತಮ್ಮ ಕರಾವಳಿಯ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿಕೊಂಡು ನಗುತ್ತಾರೆ. ನಿರಂಜನನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಮೀನು ತಿಂದು ಬೆಳೆದವನಿಗೆ ಮೆಣಸಿನಕಾಯಿ ಏನು ಗೊತ್ತು, ಮಣ್ಣು!

ಒಂದು ದಿನ ಅದೇ ಅನ್ಸಿಫ್ ಬಂದು, ಅಸಲು ಬ್ಯಾಡಗಿಯನ್ನು ಗುರುತಿಸುವುದು ಹೇಗೆಂದು ವಿನಯವಾಗಿ ಕೇಳಿದ. ಎಲಾ ಇವನ! ನನ್ನ ವಿದ್ಯೆ ಕಲಿತು ನನ್ನೂರಿಗೇ ಹೊರಟೆಯಾ? ನಿರಂಜನ ನಗುನಗುತ್ತಲೇ ಉಲ್ಟಾ ಹೇಳಿಕೊಟ್ಟ: ಸುಕ್ಕುಗಟ್ಟಿದ್ದು ಹಳೇ ಮಾಲು, ನುಣ್ಣಗೆ ಮಿಂಚುವುದೇ ಅಸಲು. ಬ್ಯಾಡಗಿಯ ಕೂಸು ಕೇಳಿದರೂ ನಗಬೇಕು, ಅಂಥ ಸುಳ್ಳು. ಸುಕ್ಕೇ ಆ ಕಾಯಿಯ ಗುರುತು.

ಗುರುವಾರ ಸಾಹುಕಾರರು ಎರಡು ಸ್ಯಾಂಪಲ್ ಸುರಿದು, ಅಸಲು ಯಾವುದೆಂದು ಅನ್ಸಿಫ್‌ನನ್ನು ಕೇಳಿದರು. ಅವನು ಮಿಂಚುವುದನ್ನು ಎತ್ತಿ ತೋರಿಸಿದ.

"ನಿರಂಜನಣ್ಣನೇ ಹೇಳಿಕೊಟ್ಟದ್ದು," ಎಂದ, ಹೆಮ್ಮೆಯಿಂದ.

ಸಾಹುಕಾರರ ಮುಖ ಇಳಿಯಿತು. ಊರಿಗೆ ಕಳಿಸಬೇಕೆಂದಿದ್ದದ್ದು ನಿರಂಜನನನ್ನೇ ಅಂತೆ. ಆ ಒಂದು ತಿಂಗಳು ಇಲ್ಲಿ ಅವನ ಜಾಗದಲ್ಲಿ ನಿಲ್ಲಲಿ ಎಂದೇ ಅನ್ಸಿಫ್‌ಗೆ ಕಲಿಯಲು ಹೇಳಿದ್ದರು. ಟಿಕೆಟ್ ಕೂಡ ಆಗಿತ್ತು.

"ಇಷ್ಟು ವರ್ಷ ಆಯ್ತು, ನಿನಗೇ ಮೆಣಸು ಗೊತ್ತಿಲ್ವಾ?" ಎಂದು ನಿರಂಜನನನ್ನು ಕೇಳಿದರು.

ಹೌದು, ತಿಳಿಯದೆ ತಪ್ಪಾಯಿತು ಎಂದು ಗೋಣು ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಬ್ಯಾಡಗಿಯವನಿಗೆ ಮೆಣಸಿನಕಾಯಿ ಗೊತ್ತಿಲ್ಲ ಎಂಬ ಮಾತನ್ನು ನುಂಗುವುದು ಹೇಗೆ? ನಿರಂಜನ ಸುಕ್ಕಿನ ಕಾಯಿಯೊಂದನ್ನು ಎತ್ತಿ ಅವರ ಮುಂದಿಟ್ಟ.

"ಗೊತ್ತೈತ್ರಿ, ಸಾಹುಕಾರ್ರ. ಗೊತ್ತಿದ್ದೇ ಸುಳ್ಳು ಹೇಳೇನಿ."

ಟಿಕೆಟ್ ರದ್ದಾಯಿತು. ಅದಾದರೂ ಹೋಗಲಿ. ಆವತ್ತಿನಿಂದ ಅನ್ಸಿಫ್ ಅವನನ್ನು ಅಣ್ಣ ಎಂದು ಕರೆಯಲಿಲ್ಲ.