ಮೈಬಣ್ಣ ಬಲ್ಲ ಅಂಕಲ್

ಹೋದ ತಿಂಗಳು ಪಾರ್ಕಿಂಗ್ ಲಾಟಿನಲ್ಲಿ ಯಾರೋ ನನ್ನ ಕಾರಿನ ಹಿಂಬದಿಗೆ ಗುದ್ದಿ ಹೋಗಿದ್ದರು. ಟ್ರಾಯ್‌ನ ಒಂದು ಬಾಡಿ ಶಾಪಿಗೆ, ಕಾರಿನ ಡೊಂಕು ತಿದ್ದಿ ಬಣ್ಣ ಹೊಡೆಯುವಲ್ಲಿಗೆ, ಒಯ್ದೆ. ಒಳಗೆ ಕಾಲಿಟ್ಟದ್ದೇ ಹಸಿ ಪೇಂಟು, ಥಿನ್ನರಿನ ವಾಸನೆ ಮೂಗಿಗೆ ಅಡರಿತು. ಅಲ್ಲಿದ್ದ ಹೆಂಗಸು ಬಣ್ಣದ ಪಟ್ಟಿಗಳನ್ನು ಒಂದೊಂದಾಗಿ ನನ್ನ ಕಾರಿಗೆ ಹಿಡಿದು ನೋಡುತ್ತಿದ್ದಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಬೂದು. ಅಂಕಲ್ ನೆನಪಾದರು. ಅವರ ಜೊತೆಗೇ, ಇಷ್ಟು ವರ್ಷವಾದರೂ ಆರದ ನನ್ನ ಹೊಟ್ಟೆಕಿಚ್ಚೂ...

ಅವರು ನಮ್ಮ ಬಡಾವಣೆಯಲ್ಲೇ, ನಮ್ಮಿಂದ ನಾಲ್ಕನೆಯ ಮನೆಯಲ್ಲಿದ್ದರು. ಮೈಸೂರಿನವರು. ಡಿಯರ್‌ಬಾರ್ನ್ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಬಣ್ಣ ಹೊಂದಿಸುವ ಕೆಲಸ ಮಾಡಿ ರಿಟೈರ್ ಆಗಿದ್ದರು. ಬಾಗಿಲಿನ ಕೆಂಪೂ ಬಂಪರಿನ ಕೆಂಪೂ ಒಂದೇ ಆಗಿದೆಯೇ ಎಂದು ಕಣ್ಣಿನಲ್ಲೇ ನೋಡಿ ಹೇಳಬೇಕಿತ್ತಂತೆ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಪಕ್ಕದ ರಾಜ್ಯದ ಸ್ಕೋಕಿಯಲ್ಲಿದ್ದಳು.

ನನಗೆ ವಾರವಿಡೀ ಐಟಿ ಕೆಲಸ, ಶನಿವಾರ ಭಾನುವಾರ ಕ್ಯಾಮೆರಾ. ಇಲ್ಲಿನ ಕನ್ನಡದವರ ಸೀಮಂತ, ನಾಮಕರಣ, ಗೃಹಪ್ರವೇಶ ಎಲ್ಲದರ ವಿಡಿಯೋ ತೆಗೆದು, ಎಡಿಟ್ ಮಾಡಿ ಕೊಡುತ್ತಿದ್ದೆ. ಸುಳ್ಳೇಕೆ, ಹೊಗಳಿಕೆಗಾಗಿಯೇ ಮಾಡುತ್ತಿದ್ದೆ. ಪಾರ್ಟಿ ಹಾಲ್‌ಗಳ ದೀಪದ ಬೆಳಕಿನಲ್ಲಿ ನಮ್ಮವರ ಮುಖ ಒಂದೋ ಅರಿಶಿನ ಮೆತ್ತಿದಂತೆ, ಇಲ್ಲವೇ ಪಾಚಿ ಹತ್ತಿದಂತೆ ಬರುತ್ತಿತ್ತು. ಸಾಫ್ಟ್‌ವೇರಿನಲ್ಲಿ ಅದನ್ನು ತಿದ್ದಬಹುದು. ಮೈಬಣ್ಣಕ್ಕೆಂದೇ ಅದರಲ್ಲೊಂದು ಗೆರೆ ಇದೆ. ಮುಖದ ಬಣ್ಣ ಆ ಗೆರೆಯ ಮೇಲೆ ಕೂತರೆ ಸರಿ ಎಂದು ಲೆಕ್ಕ. ನಾನು ಅದನ್ನೇ ನಂಬಿದ್ದೆ. ಜೊತೆಗೆ ಎಲ್ಲರನ್ನೂ ಒಂದಿಷ್ಟು ಬೆಳ್ಳಗೂ ಮಾಡುತ್ತಿದ್ದೆ.

ಒಂದು ಭಾನುವಾರ ಅಂಕಲ್ ನಮ್ಮ ಇಡ್ಲಿ ಪಾತ್ರೆ ಹಿಂದಿರುಗಿಸಲು ಬಂದವರು ಬೇಸ್‌ಮೆಂಟಿಗೆ ಇಳಿದು ಬಂದರು. ಒಂದು ಸೀಮಂತದ ವಿಡಿಯೋ ತಿದ್ದುತ್ತಿದ್ದೆ. ಹಿಂದೆ ನಿಂತು ನೋಡಿದರು.

"ಆ ಹುಡುಗಿ ಹೀಗಿಲ್ವಲ್ಲಯ್ಯ."

"ಗೆರೆ ಮೇಲೇ ಇದೆ ಅಂಕಲ್, ನೋಡಿ."

"ಗೆರೆ ಬಿಡು. ಕಿವಿ ಹತ್ರ ನೋಡು. ಮುಖಕ್ಕೆ ಪೌಡರ್ ಇರತ್ತೆ, ಕಿವಿಗಿರಲ್ಲ. ಒಂಚೂರು ಹಸಿರು ತೆಗಿ... ಸಾಕು. ಈಗ ಬ್ರೈಟ್‌ನೆಸ್ ಇಳಿಸು."

ಇಳಿಸಿದೆ. ಎಣ್ಣೆಗಪ್ಪಿನ ಆ ಹುಡುಗಿ ಪರದೆಯ ಮೇಲೆ ಇದ್ದಕ್ಕಿದ್ದಂತೆ ಉಸಿರಾಡಿದಳು. ಮರುದಿನ ಅವಳ ತಾಯಿ ಫೋನ್ ಮಾಡಿ, "ಫಸ್ಟ್ ಟೈಮ್ ನನ್ ಮಗಳು ನನ್ ಮಗಳ ಥರಾನೇ ಕಾಣ್ತಿದಾಳೆ" ಎಂದರು. ಥ್ಯಾಂಕ್ಸ್ ಎಂದೆ. ಅಂಕಲ್ ಹೆಸರು ಎತ್ತಲಿಲ್ಲ.

ಆಮೇಲೆ ಅವರು ಪ್ರತಿ ಭಾನುವಾರ ಬರತೊಡಗಿದರು. ನಾನು ಗಂಟೆಗಟ್ಟಲೆ ಒದ್ದಾಡಿದ್ದನ್ನು ಎರಡು ಮಾತಿನಲ್ಲಿ ಸರಿ ಮಾಡುತ್ತಿದ್ದರು. ಬರಬರುತ್ತಾ ಮೌಸನ್ನೂ ಅವರೇ ಹಿಡಿದರು. ಜನಕ್ಕೂ ಗೊತ್ತಾಯಿತು. ಒಂದು ದೀಪಾವಳಿ ಕಾರ್ಯಕ್ರಮದಲ್ಲಿ ಮೈಕ್ ಹಿಡಿದಾಕೆ ಅಂಕಲ್‌ರನ್ನು ವೇದಿಕೆಗೆ ಕರೆದು, ನಮ್ಮೆಲ್ಲರ ಬಣ್ಣ ಬಲ್ಲವರು ಇವರು ಎಂದಳು. ಚಪ್ಪಾಳೆ. ನಾನು ಮೂಲೆಯಲ್ಲಿ ಟ್ರೈಪಾಡ್ ಮಡಚುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿಯೂ ವಿಡಿಯೋ ನೋಡುವ ಮೊದಲೇ ಕೇಳುತ್ತಿದ್ದಳು: "ಅಂಕಲ್ ನೋಡಿದ್ರಾ ಇದನ್ನ?" ಆ ಪ್ರಶ್ನೆಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಪರಿಚಯದ ದಂಪತಿಯೊಬ್ಬರ ಷಷ್ಟ್ಯಬ್ದಿ ಬಂತು. "ಈ ಸಲ ಕಲರ್ ಪೂರ್ತಿ ನೀವೇ ಮಾಡಿ ಅಂಕಲ್" ಎಂದು ಸಿಡುಕಿ ಮೇಲೆ ಹೋಗಿ ಕೂತೆ. ಸಂಜೆ ಕರೆದರು.

"ಒಂದ್ಸಲ ನೋಡಿ ಹೇಳಯ್ಯ."

ನೋಡಿದೆ. ಮುಖಗಳೆಲ್ಲ ನೀಲಿ. ಮೊದಲು ನನ್ನ ಕಣ್ಣನ್ನೇ ಅನುಮಾನಿಸಿದೆ. ಆದರೆ ಬಣ್ಣ ಗೆರೆಯಿಂದ ಎಲ್ಲೋ ದೂರ ಸರಿದಿತ್ತು. ಕೆಲವು ತಿಂಗಳಿಂದ ಅವರು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಹೆಡ್‌ಲೈಟ್ ಚೆಲ್ಲಿದ ಹಾಗೆ ಕಾಣುತ್ತದೆಂದು ಕತ್ತಲಾದ ಮೇಲೆ ಡ್ರೈವ್ ಮಾಡುವುದನ್ನೂ ಬಿಟ್ಟಿದ್ದರು. ನನಗೆ ಎಲ್ಲ ಅರ್ಥವಾಯಿತು.

"ಚೆನ್ನಾಗಿದೆ ಅಂಕಲ್" ಎಂದೆ.

"ಹಾಗಿದ್ರೆ ಕಳಿಸ್ಬಿಡು."

ಕಳಿಸಿಬಿಟ್ಟೆ.

ಮುಂದಿನ ಶನಿವಾರ ಆ ದಂಪತಿ ಊಟಕ್ಕೆ ಕರೆದು ದೊಡ್ಡ ಪರದೆಯ ಮೇಲೆ ವಿಡಿಯೋ ಹಾಕಿದರು. ಹಾರ ಹಾಕಿಕೊಂಡ ಇಬ್ಬರೂ ನೀಲಿ ತುಟಿಯಲ್ಲಿ ನಗುತ್ತಿದ್ದರು. ಮೊಮ್ಮಗಳು ಗಟ್ಟಿಯಾಗಿ ಕೇಳಿದಳು: "ವೈ ಈಸ್ ಅಜ್ಜಿ ಬ್ಲೂ?" ಯಾರೋ ಕಿಸಕ್ಕನೆ ನಕ್ಕರು. ಆ ಹಿರಿಯ ಹೆಂಗಸು ಎದ್ದು ಅಡುಗೆಮನೆಗೆ ಹೋದರು.

ಪಕ್ಕದಲ್ಲಿದ್ದ ಅಂಕಲ್ ಕಣ್ಣು ಕಿರಿದು ಮಾಡಿ ಪರದೆಯತ್ತ ಬಾಗಿದರು. "ಏನಯ್ಯ, ಯಾಕ್ ನಗ್ತಿದಾರೆ?"

ನನಗೆ ಆ ಕ್ಷಣ ಸಂತೋಷವಾಯಿತು. ಎಷ್ಟು ನಾಚಿಕೆಯಾದರೂ ಅದು ನಿಜ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದರಿಂದ ಎಲ್ಲವೂ ಹಳದಿಯಾಗಿ ಕಂಡು, ಆ ಹಳದಿ ತೆಗೆಯಲು ಹೋಗಿ ನೀಲಿ ತುಂಬಿದ್ದರು. ಮಗಳು ಸ್ಕೋಕಿಗೆ ಕರೆಸಿಕೊಂಡು ಆಪರೇಷನ್ ಮಾಡಿಸಿದಳು. ಎರಡು ತಿಂಗಳ ಮೇಲೆ ಹಿಂದಿರುಗಿದವರು ನೇರ ಬೇಸ್‌ಮೆಂಟಿಗೆ ಬಂದು, ಆ ವಿಡಿಯೋ ಹಾಕು ಎಂದರು. ಪೂರ್ತಿ ನೋಡಿದರು.

"ಹೆಣದ ಹಾಗಿದಾರಲ್ಲಯ್ಯ..." ಎಂದರು. ನನ್ನತ್ತ ತಿರುಗಿ, "ನಿಂಗೆ ಕಾಣಿಸ್ಲಿಲ್ವಾ?"

ಕಂಡಿತ್ತು ಎಂದರೆ ನಾನು ಕೇಡಿಗ. ಕಾಣಲಿಲ್ಲ ಎಂದರೆ ಕಣ್ಣಿಲ್ಲದವನು. "ಇಲ್ಲ ಅಂಕಲ್, ಗೊತ್ತಾಗ್ಲಿಲ್ಲ" ಎಂದೆ.

ಅವರು ನನ್ನ ಬೆನ್ನು ತಟ್ಟಿದರು. "ಪರವಾಗಿಲ್ಲ ಬಿಡು. ಕಲೀಬಹುದು. ನಾನ್ ಹೇಳ್ಕೊಡ್ತೀನಿ."

ಹೇಳಿಕೊಟ್ಟರು ಕೂಡ. ಮನೆ ಮಾರಿ ಮಗಳ ಹತ್ತಿರ ಹೋಗುವವರೆಗೆ, ಒಂದು ಭಾನುವಾರವೂ ತಪ್ಪಿಸದೆ. ನಾನು ತಲೆಯಾಡಿಸುತ್ತಾ, ಒಳಗೊಳಗೇ ಕುದಿಯುತ್ತಾ ಕಲಿತೆ. ನಿಜ ಮಾತ್ರ ಹೇಳಲಿಲ್ಲ. ಈ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಅವರ ನೆನಪಿಗೊಂದು ವಿಡಿಯೋ ಮಾಡಿಕೊಡಿ ಎಂದು ಮಗಳು ಫೋನಿನಲ್ಲಿ ತೆಗೆದ ತುಣುಕುಗಳನ್ನು ಆಗಲೇ ಕಳಿಸಿದ್ದಳು. ನಾನು ಮುಂದೂಡುತ್ತಲೇ ಇದ್ದೆ. ಬಾಡಿ ಶಾಪಿನಿಂದ ಬಂದ ದಿನ ತೆರೆದೆ. ಅಂಕಲ್ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ದೀಪದ ಬೆಳಕಿಗೆ ಮುಖ ಹಳದಿ. ತಿದ್ದಲು ಹೋದೆ. ಎಷ್ಟು ತಿದ್ದಬೇಕೆಂದು ತಿಳಿಯಲಿಲ್ಲ. ಮಗಳಿಗೇ ಫೋನ್ ಮಾಡಿದೆ.

"ಅಪ್ಪನ ಬಣ್ಣ ಹೇಗಿತ್ತಮ್ಮ, ಕರೆಕ್ಟಾಗಿ?"

"ಐ ಡೋಂಟ್ ನೋ... ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ. ವಾರಾ ವಾರಾ ನಿಮ್ ಪಕ್ಕಾನೇ ಕೂತಿರ್ತಿದ್ರಲ್ಲ."

ಕೂತಿರುತ್ತಿದ್ದರು, ನಿಜ. ನಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ. ಹಳದಿ ಹಾಗೇ ಬಿಟ್ಟು ಕಳಿಸಿದೆ.