ಪಾಸಾದವರ ಸಭೆಯಲ್ಲಿ ಇಲ್ಲದ ಐದು ಹೆಸರು

ಹೋದ ಭಾನುವಾರ ಮೈಕಿನ ಮುಂದೆ ನಿಂತು ಆರು ನಿಮಿಷ ಮಾತಾಡಿದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ಸುಳ್ಳು ಹೇಳಿ ಸಿಕ್ಕಿಬಿದ್ದವನ ಹಾಗೆ ಇಳಿದು ಬಂದೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. (ಈ ವಾರದ ಅಂಕಣದಲ್ಲಿ ತಮಾಷೆ ಕಡಿಮೆ. ಕ್ಷಮಿಸಿ.)

ನಾನು ಓದಿದ್ದು ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ. ಹೆಸರು ಬೇಡ. ಈ ವರ್ಷ ಅಲ್ಲಿ ನಮಗೆ ಕಲಿಸಿದ ಇಬ್ಬರು ತೀರಿಕೊಂಡರು. ಹಿಂದಿಯ ಫಿಲೋಮಿನಾ ಟೀಚರ್ ಮಳೆಗಾಲಕ್ಕೆ ಮುಂಚೆ, ಗಣಿತದ ಹಾಲಪ್ಪ ಸಾರ್ ದೀಪಾವಳಿ ಕಳೆದ ಮೇಲೆ. ಇಬ್ಬರಿಗೂ ಸೇರಿಸಿ ನಮ್ಮ ಬ್ಯಾಚಿನವರು ಶಾಲೆಯಲ್ಲೇ ಒಂದು ಸಭೆ ಇಟ್ಟರು. ಓಡಾಡಿದವನು ಸತೀಶ. ಮೂಡಿಗೆರೆಯಲ್ಲಿ ಅವನದು ಗೊಬ್ಬರದ ಅಂಗಡಿ.

"ಬರ್ಲೇಬೇಕು ಮಾರಾಯ," ಎಂದು ಫೋನಿನಲ್ಲಿ ಹೇಳಿದ. "ಪೇಪರಲ್ಲಿ ಬರೆಯೋನು ನಮ್ಮಲ್ಲಿ ನೀನೊಬ್ಬನೇ. ಆಮೇಲೆ, ಮಾನಿಟರ್ ಬೇರೆ ಆಗಿದ್ದೆ."

ಮಾನಿಟರ್ ಆಗಿದ್ದೆ, ಹೌದು. ತೊಂದರೆ ಇರುವುದೇ ಅಲ್ಲಿ.

ಸಭೆಯಲ್ಲಿ ಇಪ್ಪತ್ತೆರಡು ಜನ ಇದ್ದೆವು. ಮೇಜಿನ ಮೇಲೆ ಎರಡು ಫೋಟೋ, ಎರಡು ಹಾರ. ಚಿಕ್ಕಮಗಳೂರಿನಿಂದ ಕಾರು ಮಾಡಿಕೊಂಡು ಬಂದವರಿದ್ದರು, ಆಲ್ದೂರಿನಿಂದ ಬಸ್ಸಿನಲ್ಲಿ ಬಂದವರೂ ಇದ್ದರು. ಒಬ್ಬ ಎದ್ದು, ಫಿಲೋಮಿನಾ ಟೀಚರ್ ಬ್ಯಾಗಿನಲ್ಲಿ ಯಾವಾಗಲೂ ಸೂಜಿದಾರ ಇರುತ್ತಿತ್ತು, ಗುಂಡಿ ಕಿತ್ತ ಅಂಗಿಯಲ್ಲಿ ಬಂದ ಹುಡುಗನನ್ನು ನಿಲ್ಲಿಸಿಕೊಂಡೇ ಹೊಲಿದು ಒಳಗೆ ಕಳಿಸುತ್ತಿದ್ದರು ಎಂದ. ಎಲ್ಲರೂ ತಲೆಯಾಡಿಸಿದೆವು. ನನ್ನ ಅಂಗಿಗೂ ಹೊಲಿದಿದ್ದರು. ನೀಲಿ ಅಂಗಿಗೆ ಬಿಳಿ ದಾರ.

ಹಾಲಪ್ಪ ಸಾರ್ ವಿಷಯಕ್ಕೆ ಬಂದಾಗ ಮಾತು ಬಿಸಿಯಾಯಿತು. "ಅಂಥ ಮೇಷ್ಟ್ರನ್ನ ಯಾವನೋ ಒಬ್ಬ ಇನ್ಸ್‌ಪೆಕ್ಷನ್ ಸಾಹೇಬ ಬಂದು ಕಳಸಕ್ಕಿಂತ ಆಚೆಗೆಲ್ಲೋ ಎತ್ತಂಗಡಿ ಮಾಡಿಸ್ದ. ತಲೆ ಎಣಿಸಿ ರಿಪೋರ್ಟ್ ಬರ್ದ. ಅವನಿಗೆ ಒಳ್ಳೇದಾಗತ್ತಾ?" ಎಂದು ಒಬ್ಬರು ಕೇಳಿದರು. ಜೋರು ಚಪ್ಪಾಳೆ.

ನಾನೂ ಚಪ್ಪಾಳೆ ತಟ್ಟಿದೆ. ಇದನ್ನು ಬರೆಯದೆ ಬಿಡುವ ಹಾಗಿಲ್ಲ.

ಯಾಕೆಂದರೆ ಆ ಸಾಹೇಬರು ತಲೆ ಎಣಿಸಲಿಲ್ಲ.

ಹದಿಮೂರು ವರ್ಷದ ಹಿಂದಿನ ಮಾತು. ನಮ್ಮ ಹತ್ತನೇ ಕ್ಲಾಸಿನಲ್ಲಿ ಮೂವತ್ತನಾಲ್ಕು ಜನ. ಡಿಸೆಂಬರ್ ಬಂದು ಕಾಫಿ ಕುಯ್ಲು ಶುರುವಾದರೆ ಅವರಲ್ಲಿ ಐದು ಜನ ಶಾಲೆಗೆ ಬರುತ್ತಿರಲಿಲ್ಲ. ಎಸ್ಟೇಟ್ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಗಳ ಮಕ್ಕಳು. ಹಣ್ಣು ಕುಯ್ಯುವ ಮೂರು ತಿಂಗಳು ಮನೆಗೆ ಒಂದೊಂದು ಕೈಯೂ ಬೇಕು. ಆದರೆ ಹಾಜರಿ ಕಡಿಮೆಯಾದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇಲ್ಲ.

ಹಾಲಪ್ಪ ಸಾರ್ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ವಾರವೆಲ್ಲ ಆ ಐವರಿಗೆ ಹಾಜರಿ ಹಾಕುವುದು. ಭಾನುವಾರ ಲೈನಿನವರಿಗೆ ರಜೆ. ಅವತ್ತು ಬೆಳಿಗ್ಗೆ, ಸಂತೆಗೆ ಹೋಗುವ ಮುಂಚೆ, ಆ ಐವರನ್ನು ಶಾಲೆಗೆ ಕರೆಸಿ ವಾರದ ಪಾಠವನ್ನೆಲ್ಲ ಮಾಡುವುದು. ಸಾರ್ ಕಡೂರು ಕಡೆಯವರು. ಹೆಂಡತಿ ಮಕ್ಕಳು ಊರಲ್ಲಿ. ಆ ಮೂರು ತಿಂಗಳು ಅವರು ಊರಿಗೆ ಹೋಗುತ್ತಿರಲಿಲ್ಲ.

ಇದು ನಿಯಮಕ್ಕೆ ವಿರುದ್ಧವೇ? ಖಂಡಿತ. ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದಿದ್ದರೇ? ಬರೆದಿದ್ದರು. ಅದನ್ನು ಮುಚ್ಚಿಡಲು ನಾನು ಇಲ್ಲಿ ಕೂತಿಲ್ಲ.

ಜನವರಿಯಲ್ಲಿ ಸಾರ್ ಒಂದು ಟೆಸ್ಟ್ ಕೊಟ್ಟರು. ಐವರಿಗೆ ಭಾನುವಾರ, ನಮಗೆ ಸೋಮವಾರ. ಮಂಗಳವಾರ ಮಾರ್ಕ್ಸ್ ಓದಿದರು. ನನಗೆ ಎಪ್ಪತ್ತೇಳು. ಎಂಬತ್ತೆರಡು ಬಂದದ್ದು ಮಂಜುಳಾಗೆ. ಆ ಐವರಲ್ಲಿ ಒಬ್ಬಳು. ಅಲ್ಲಿಯವರೆಗೆ ಗಣಿತದಲ್ಲಿ ನನ್ನನ್ನು ಯಾರೂ ದಾಟಿರಲಿಲ್ಲ. ನಾನು ದಿನಾ ಬಂದು ಕೂತವನು. ಅವಳು ವಾರಕ್ಕೊಂದು ದಿನ ಬಂದವಳು.

ಗುರುವಾರ ಇನ್ಸ್‌ಪೆಕ್ಷನ್‌ಗೆ ಸಾಹೇಬರು ಬಂದರು. ಹಾಜರಿ ಪುಸ್ತಕ ಕೇಳಿದರು. ಮಾನಿಟರ್ ಆದ ನಾನು ಅದನ್ನು ಹೆಡ್‌ಮಾಸ್ಟರ ರೂಮಿಗೆ ಒಯ್ದೆ. ಅಲ್ಲಿ ಇದ್ದದ್ದು ನಾಲ್ಕೇ ಜನ: ಸಾಹೇಬರು, ಹೆಡ್‌ಮಾಸ್ಟರು, ಹಾಲಪ್ಪ ಸಾರ್, ನಾನು. ಮೂವತ್ತನಾಲ್ಕು ಹಾಜರಿ ಇದೆ, ಕ್ಲಾಸು ಖಾಲಿ ಖಾಲಿ ಕಾಣುತ್ತಲ್ಲ ಎಂದು ಸಾಹೇಬರು ಕೇಳಿದರು. "ಐದು ಜನ ಸ್ಪೋರ್ಟ್ಸ್‌ಗೆ ಮೂಡಿಗೆರೆಗೆ ಹೋಗಿದಾರೆ ಸಾರ್," ಎಂದರು ಹಾಲಪ್ಪ ಸಾರ್.

ಸಾಹೇಬರು ಸರಿ ಎಂದರು. ಪುಸ್ತಕ ಮುಚ್ಚಿದರು. ಪೆನ್ನಿಗೆ ಕ್ಯಾಪು ಹಾಕಿದರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ವಿಷಯ ಅಲ್ಲಿಗೆ ಮುಗಿದಿತ್ತು.

ಹುಡುಗನ ಹತ್ತಿರ ಏನಾದರೂ ಮಾತಾಡಬೇಕಲ್ಲ ಎಂದೋ ಏನೋ, ನನ್ನ ಕಡೆ ತಿರುಗಿ, "ಏನಪ್ಪಾ ಮಾನಿಟರ್, ನೀನ್ಯಾಕೆ ಸ್ಪೋರ್ಟ್ಸ್‌ಗೆ ಹೋಗ್ಲಿಲ್ಲ?" ಎಂದರು.

"ಸ್ಪೋರ್ಟ್ಸ್ ಇಲ್ಲ ಸಾರ್. ಅವ್ರೆಲ್ಲ ಕಾಫಿ ಕುಯ್ಯಕ್ಕೆ ಹೋಗಿದಾರೆ."

ನನ್ನನ್ನು ಯಾರೂ ನಿಜ ಕೇಳಿರಲಿಲ್ಲ. ಗಮನಿಸಿ.

ಸಾಹೇಬರು ಒಮ್ಮೆ ಹಾಲಪ್ಪ ಸಾರ್ ಮುಖ ನೋಡಿದರು. ಆಮೇಲೆ ನಿಧಾನಕ್ಕೆ ಪೆನ್ನಿನ ಕ್ಯಾಪು ತೆಗೆದರು. ಹೆಡ್‌ಮಾಸ್ಟರ ಎದುರು ಒಂದು ಮಾತು ಬಿದ್ದ ಮೇಲೆ ಅವರಾದರೂ ಏನು ಮಾಡುತ್ತಾರೆ? "ಯಾರ್ಯಾರು?" ಎಂದರು. ಐದು ಹೆಸರನ್ನೂ ಹೇಳಿದೆ. ಪುಸ್ತಕದಲ್ಲಿ ಇದ್ದ ಕ್ರಮದಲ್ಲೇ.

ವಾಪಸ್ ಬರುವಾಗ ಜಗಲಿಯಲ್ಲಿ ಹಾಲಪ್ಪ ಸಾರ್ ನನ್ನ ಜೊತೆಗೇ ನಡೆದರು. ಬಯ್ಯಲಿಲ್ಲ. "ಸ್ಟಾಫ್ ರೂಮಿಂದ ಚಾಕ್‌ಪೀಸ್ ಡಬ್ಬ ತಗೊಂಡ್ ಬಾ," ಎಂದರು. ಕ್ಲಾಸಿಗೆ ಬಂದು ತ್ರಿಕೋನಮಿತಿ ಶುರು ಮಾಡಿದರು. ಆ ರೂಮಿನಲ್ಲಿ ಏನಾಯಿತೆಂದು ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹಾಗಾಗಿ ಊರಿನ ಬಾಯಲ್ಲಿ ಸಾಹೇಬರು ತಲೆ ಎಣಿಸಿದವರಾದರು.

ಐವರಿಗೆ ಹಾಲ್ ಟಿಕೆಟ್ ಬರಲಿಲ್ಲ. ಸಾರ್‌ಗೆ ನೋಟಿಸ್ ಬಂತು, ಜೂನ್‌ನಲ್ಲಿ ವರ್ಗವಾಯಿತು.

ಹೋದ ಭಾನುವಾರ ನನ್ನ ಜೇಬಿನಲ್ಲಿ ಇದೆಲ್ಲ ಬರೆದ ಎರಡು ಹಾಳೆ ಇದ್ದವು. ಹೇಳಿಬಿಡುವುದೆಂದೇ ಹೋಗಿದ್ದೆ. ಆದರೆ ಮೈಕಿನ ಮುಂದೆ ನಿಂತು ಇಪ್ಪತ್ತೊಂದು ಮುಖ ನೋಡಿದ ಮೇಲೆ ಹೇಳಿದ್ದು ಸಾರ್ ಸ್ಕೂಟರಿನ ಕತೆ. ಮಳೆಗಾಲದ ಥಂಡಿಗೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ, ನಾವು ತಳ್ಳುತ್ತಿದ್ದೆವು, ಸಾರ್ ಒಬ್ಬೊಬ್ಬರಿಗೂ ರೋಲ್ ನಂಬರ್ ಹಿಡಿದು ಥ್ಯಾಂಕ್ಸ್ ಹೇಳುತ್ತಿದ್ದರು. ಎಲ್ಲರೂ ನಕ್ಕರು. ಇಂಥ ಸಭೆಗಳಲ್ಲಿ ನಾವು ಹೇಳುವುದು ಇಂಥವೇ ಅಲ್ಲವೇ? ಸತ್ತವರ ಹೊಗಳಿಕೆ ಎಂದು ಶುರುವಾಗಿ, ಅವರಿಗೆ ನಾವು ಎಷ್ಟು ಬೇಕಾದವರಾಗಿದ್ದೆವು ಎಂಬಲ್ಲಿಗೆ ಮುಗಿಯುತ್ತದೆ. ಅವರಿಗೆ ನಾವು ಏನು ಮಾಡಿದೆವು ಎಂದು ಹೇಳಿದವರನ್ನು ನೀವು ಕಂಡಿದ್ದೀರಾ?

ಇಳಿದು ನೀರು ಕುಡಿಯಲು ಶಾಲೆಯ ಹಿಂದಿನ ಅಡುಗೆ ಕೋಣೆಗೆ ಹೋದೆ. ಬಿಸಿಯೂಟದ ಅಡುಗೆಯವರಿಗೇ ಸತೀಶ ನಮ್ಮ ಪಲಾವೂ ಒಪ್ಪಿಸಿದ್ದ. ದೊಡ್ಡ ಪಾತ್ರೆಯ ಮುಂದೆ ನಿಂತ ಹೆಂಗಸು ತಿರುಗಿ ನೋಡಿದಳು.

"ಮಾನಿಟರ್ ಅಲ್ವಾ?"

ಮಂಜುಳಾ.

(ಶಾಲೆಯಲ್ಲಿ ನೀನು ಎನ್ನುತ್ತಿದ್ದವಳು ಈಗ ನೀವು ಎಂದಳು. ನಾನೂ ನೀವು ಎಂದೆ.)

"ನಿಮ್ಮ ಸ್ಕೂಟರ್ ಕತೆ ಇಲ್ಲಿಗೂ ಕೇಳಿಸ್ತು. ಚೆನ್ನಾಗಿತ್ತು. ಆದ್ರೆ ಭಾನುವಾರದ ಕ್ಲಾಸಿನ ಸುದ್ದಿ ಒಬ್ರೂ ಎತ್ತಲಿಲ್ವಲ್ಲ ಅಂದ್ಕೊಂಡೆ. ಎತ್ತಕ್ಕೆ ನೀವ್ಯಾರೂ ಭಾನುವಾರ ಬಂದೋರಲ್ಲ, ಬಿಡಿ."

"ನೀವ್ಯಾಕೆ ಒಳಗೆ ಬಂದು ಕೂತ್ಕೊಳ್ಳಲಿಲ್ಲ?"

"ಕರೀಬೇಕಲ್ಲ. ಕಾಗದದಲ್ಲಿ ಇಂಥ ವರ್ಷ ಪಾಸಾದೋರು ಅಂತ ಇತ್ತಂತೆ. ನಾವು ಪಾಸಾದೋರಲ್ವಲ್ಲ."

ಆಗ ನನಗೆ ಹೊಳೆಯಿತು. ಇಪ್ಪತ್ತೆರಡು ಜನರ ಪೈಕಿ ಆ ಐವರಲ್ಲಿ ಒಬ್ಬರೂ ಇರಲಿಲ್ಲ. ಸಾರ್ ಯಾರಿಗಾಗಿ ಭಾನುವಾರ ಬಿಟ್ಟರೋ, ಯಾರಿಗಾಗಿ ನೋಟಿಸ್ ತಿಂದರೋ, ಅವರನ್ನು ಬಿಟ್ಟು ಉಳಿದವರೆಲ್ಲ ಸೇರಿ ಸಾರ್ ಅವರನ್ನು ನೆನೆಯುತ್ತಿದ್ದೆವು.

ಮುಂದಿನ ವರ್ಷ ಪರೀಕ್ಷೆ ಕಟ್ಟಬಹುದಿತ್ತಲ್ಲ ಎಂದೆ. ಎಂಥ ಪ್ರಶ್ನೆ!

"ತಮ್ಮ ಹೈಸ್ಕೂಲಿಗೆ ಬಂದ. ಇಬ್ರನ್ನೂ ಕಳಿಸಕ್ಕಾಗಲ್ಲ ಅಂತ ಅವ್ವ ಹೇಳ್ತು," ಎಂದು ಸೌಟು ಆಡಿಸುತ್ತಲೇ ಹೇಳಿದಳು. "ಸಾರ್ ಮಾತ್ರ ಹಾಲ್ ಟಿಕೆಟ್ ಬರಲ್ಲ ಅಂತ ಗೊತ್ತಾದ್ಮೇಲೂ ನಾಲ್ಕು ಭಾನುವಾರ ಕ್ಲಾಸ್ ತಗೊಂಡ್ರು. ಪರೀಕ್ಷೆ ಇಲ್ದೆ ಇದ್ರೆ ಏನಾಯ್ತು, ಪುಸ್ತಕ ಮುಗಿಸ್ದೆ ಬಿಡಲ್ಲ ಅಂದ್ರು. ಮುಗಿಸಿದ್ರು."

ಅದನ್ನು ಕೇಳಿದ ಮೇಲೆ ತಡೆಯಲಾಗಲಿಲ್ಲ. ಹೇಳಿದೆ. ಕ್ಯಾಪು ಹಾಕಿದ್ದು, ತೆಗೆದದ್ದು, ಐದು ಹೆಸರು, ಎಲ್ಲ.

ಸೌಟು ನಿಂತಿತು.

"ನಾನು ಆ ಸಾಹೇಬ್ರಿಗೆ ಶಾಪ ಹಾಕಿದ್ದೆ," ಎಂದಳು. "ಪಾಪ." ಆಮೇಲೆ, "ಯಾಕೆ ಹೇಳಿದ್ರಿ?"

ಸುಳ್ಳು ಹೇಳಬಾರದು ಅಂತ, ಎನ್ನಬಹುದಿತ್ತು. ಹದಿಮೂರು ವರ್ಷ ನನಗೆ ನಾನೇ ಹೇಳಿಕೊಂಡದ್ದು ಅದನ್ನೇ. "ಆ ಟೆಸ್ಟಲ್ಲಿ ನಿಮಗೆ ಎಂಬತ್ತೆರಡು ಬಂದಿತ್ತು. ನನಗೆ ಎಪ್ಪತ್ತೇಳು," ಎಂದೆ.

ಅವಳು ನನ್ನನ್ನೇ ನೋಡಿದಳು.

"ಐದು ಮಾರ್ಕ್ಸಿಗಾ ಮಾರಾಯ? ಕೇಳಿದ್ರೆ ಕೊಟ್ಟಿರ್ತಿದ್ದೆನಲ್ಲೋ!"

ನಗುತ್ತಾಳೋ ಎಂದುಕೊಂಡೆ. ನಗಲಿಲ್ಲ.

"ನನ್ನ ಹತ್ರ ಹೇಳಿದ್ದು ಸಾಕು. ಮೈಕ್ ಇನ್ನೂ ಬಿಚ್ಚಿಲ್ಲ. ಅಲ್ಲಿ ಹೋಗಿ ಹೇಳು. ಆ ಸಾಹೇಬ್ರನ್ನ ಬೈದ್ರಲ್ಲ, ಅವ್ರೆಲ್ಲ ಕೇಳ್ಲಿ."

ಹೋದೆ. ವಂದನಾರ್ಪಣೆ ನಡೆಯುತ್ತಿತ್ತು. ಶಾಮಿಯಾನದವರಿಗೆ, ಮೈಕಿನವರಿಗೆ, ಹಾರ ತಂದವರಿಗೆ ಸತೀಶ ಥ್ಯಾಂಕ್ಸ್ ಹೇಳುತ್ತಿದ್ದ. ನಾನು ಮೈಕಿನ ಪಕ್ಕಕ್ಕೆ ಹೋಗಿ ನಿಂತೆ. "ಬಾ ಬಾ, ಫೋಟೋ ತಾನೆ? ಇಲ್ಲೇ ನಿಂತ್ಕೋ," ಎಂದು ಹೆಗಲ ಮೇಲೆ ಕೈ ಹಾಕಿದ. ಎಲ್ಲರೂ ಬಂದು ಸೇರಿದರು. ನಾನು ಫೋಟೋಗೆ ನಿಂತೆ.

ಊಟದ ಮೇಲೆ ಅಡುಗೆ ಕೋಣೆಗೆ ಹೋದೆ.

"ಹೇಳಿದ್ರಾ? ಕೇಳಿಸ್ಲಿಲ್ಲ."

"ಇಲ್ಲ."

"ಗೊತ್ತಿತ್ತು. ಪೇಪರಲ್ಲಿ ಬರೀತೀರಂತಲ್ಲ, ಅದ್ರಲ್ಲಾದ್ರೂ ಬರೀರಿ. ನನ್ನ ಹೆಸರೂ ಹಾಕಿ, ಪರವಾಗಿಲ್ಲ. ಮಂಜುಳಾ ಕಣ್ಣು ಒರೆಸ್ಕೊಂಡ್ಳು ಅಂತ ಮಾತ್ರ ಬರೀಬೇಡಿ. ನೀವು ಬರೆಯೋರಿಗೆ ಅದೊಂದು ಚಟ. ನಾನು ಒರೆಸ್ತಿರೋದು ಪಾತ್ರೆ."

ಅವಳು ಒರೆಸುತ್ತಿದ್ದದ್ದು ಪಾತ್ರೆಯನ್ನೇ. ಸಾಕ್ಷಿ ನಾನು.

ಹದಿನಾರು ವರ್ಷದ ಹುಡುಗ, ನಿಜವನ್ನೇ ಹೇಳಿದ್ದಾನೆ, ಇಷ್ಟು ಹಚ್ಚಿಕೊಳ್ಳುವುದೇಕೆ ಎಂದು ನಿಮ್ಮಲ್ಲಿ ಕೆಲವರು ಕಾಗದ ಬರೆಯುತ್ತೀರಿ, ಗೊತ್ತು. ನಿಜ ಹೇಳಿದ್ದರ ಬಗ್ಗೆ ನನಗೆ ತಕರಾರಿಲ್ಲ. ಹೊಟ್ಟೆಕಿಚ್ಚಿಗೆ ಹೇಳಿದ್ದರ ಬಗ್ಗೆ ಇದೆ. ಬೇರೆಯವರು ಸಿಕ್ಕಿಬೀಳುವ ನಿಜ ಆ ರೂಮಿನಲ್ಲಿ ಒಂದೇ ಉಸಿರಿಗೆ ಬಂತು. ನಾನು ಸಿಕ್ಕಿಬೀಳುವ ನಿಜಕ್ಕೆ ಹದಿಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಕೇಳಬೇಕಾದವರು ಹಾರ ಹಾಕಿಸಿಕೊಂಡು ಫೋಟೋದಲ್ಲಿ ಕೂತಿದ್ದರು.

ಮಂಗಳವಾರ ಸತೀಶನ ಅಂಗಡಿಗೆ ಹೋದೆ. ಬ್ಯಾಚಿನ ಹೆಸರು ವಿಳಾಸದ ಪಟ್ಟಿ ಅವನ ಹತ್ತಿರವೇ ಇದೆ. ಅದಕ್ಕೆ ಐದು ಹೆಸರು ಸೇರಿಸು ಎಂದು ಒಂದೊಂದಾಗಿ ಹೇಳಿದೆ. ಅವನು ಪೆನ್ನು ಹಿಡಿದವನು ಬರೆಯಲಿಲ್ಲ.

"ಅವ್ರು ಪಾಸಾಗಲಿಲ್ವಲ್ಲ ಮಾರಾಯ. ಯಾವ ಲೆಕ್ಕದಲ್ಲಿ ಸೇರಿಸ್ಲಿ?"

ಅವರು ಪಾಸಾಗದಂತೆ ಮಾಡಿದವನು ಯಾವ ಲೆಕ್ಕದಲ್ಲಿ ಪಟ್ಟಿಯಲ್ಲಿದ್ದಾನೆ ಎಂದು ಮೊದಲು ಓದಿಕೋ ಎಂದು, ನೀವೀಗ ಓದಿದ್ದರಲ್ಲಿ ಭಾನುವಾರದವರೆಗಿನ ಹಾಳೆಗಳನ್ನು ಅವನ ಕೈಗಿಟ್ಟು ಅಲ್ಲೇ ಎದುರಿಗೆ ಕೂತೆ.